ನಾಗವಲ್ಲಿ ಸುಟ್ಟದ್ದು ಯಾರನ್ನು?

ಪ್ರಶ್ನೆ: ಟಿವಿಯಲ್ಲಿ ‘ಆಪ್ತಮಿತ್ರ’ ಬಂದಾಗಲೆಲ್ಲ ನಮ್ಮ ಮನೆಯಲ್ಲಿ ಜಗಳ. ಅತ್ತೆ ಅದನ್ನು ದೆವ್ವದ ಸಿನಿಮಾ ಅನ್ನುತ್ತಾರೆ, ಮಗ ಕಾಮಿಡಿ ಅನ್ನುತ್ತಾನೆ. ನನ್ನ ಅನುಮಾನವೇ ಬೇರೆ. ಅಷ್ಟು ವರ್ಷ ಕಾದಿದ್ದ ನಾಗವಲ್ಲಿಗೆ ಕೊನೆಗೂ ಸೇಡು ಸಿಕ್ಕಿತೆ? ರಾಜನಂತೂ ಸಾಯಲಿಲ್ಲವಲ್ಲ. ಇಂಗ್ಲಿಷಿನಲ್ಲಿ ಡಾಕ್ಟರುಗಳನ್ನೇ ಒಬ್ಬೊಬ್ಬರಾಗಿ ಮುಗಿಸುವ ನಗೆ ಸಿನಿಮಾ ಇದೆಯಂತೆ, ನಿಜವೆ? ಅದನ್ನು ಕನ್ನಡದಲ್ಲಿ ಮಾಡಿದ್ದರೆ ಯಾರು ಹೊಂದುತ್ತಿದ್ದರು?
– ಓದುಗರೊಬ್ಬರು, ಯಲ್ದೂರು, ಶ್ರೀನಿವಾಸಪುರ ತಾಲ್ಲೂಕು

ಉತ್ತರ: ಇಂಗ್ಲಿಷ್ ಸಿನಿಮಾದಿಂದಲೇ ಶುರು ಮಾಡೋಣ. ಅದನ್ನು ನೋಡಿದ ಮೇಲೆ ನಾಗವಲ್ಲಿಯ ವಿಷಯ ಸಲೀಸಾಗಿ ಬಿಡಿಸಿಕೊಳ್ಳುತ್ತದೆ.

ನೀವು ಕೇಳಿದ್ದು ನಿಜ. ಸಿನಿಮಾದ ಹೆಸರು ‘ದಿ ಅಬಾಮಿನಬಲ್ ಡಾಕ್ಟರ್ ಫೈಬ್ಸ್’. 1971ರಲ್ಲಿ ಬಂತು. ನಿರ್ದೇಶಕ ರಾಬರ್ಟ್ ಫ್ಯೂಯೆಸ್ಟ್, ನಾಯಕನೂ ಖಳನೂ ಆದ ಫೈಬ್ಸ್ ಪಾತ್ರದಲ್ಲಿ ವಿನ್ಸೆಂಟ್ ಪ್ರೈಸ್. ಮೈಕಲ್ ಜಾಕ್ಸನ್ನನ ‘ಥ್ರಿಲ್ಲರ್’ ಹಾಡಿನ ಕೊನೆಯಲ್ಲಿ ಗುಹೆಯೊಳಗಿಂದ ಬಂದಂತೆ ಒಂದು ನಗು ಕೇಳುತ್ತದಲ್ಲ, ಅದು ಇವರದೇ. ಕತೆ ನಡೆಯುವುದು 1920ರ ದಶಕದ ಲಂಡನ್ನಿನಲ್ಲಿ. ಫೈಬ್ಸನ ಹೆಂಡತಿ ವಿಕ್ಟೋರಿಯಾ ಆಪರೇಷನ್ ಟೇಬಲ್ ಮೇಲೆಯೇ ತೀರಿಕೊಂಡಿದ್ದಾಳೆ. ಕಾರು ಅಪಘಾತದಲ್ಲಿ ಫೈಬ್ಸನೂ ಸತ್ತ ಅಂತ ಊರೆಲ್ಲ ನಂಬಿದೆ. ಅವನು ಸತ್ತಿಲ್ಲ, ಮುಖ ಮಾತ್ರ ಸುಟ್ಟುಹೋಗಿದೆ. ಆ ಆಪರೇಷನ್ನಿನಲ್ಲಿದ್ದವರು ಎಂಟು ಜನ ಡಾಕ್ಟರು, ಒಬ್ಬ ನರ್ಸು. ಒಂಬತ್ತು ಜನರಿಗೂ ಅವನು ಬೈಬಲ್ಲಿನಲ್ಲಿ ಈಜಿಪ್ಟಿನ ಮೇಲೆ ಎರಗಿದ ಪೀಡೆಗಳ ಲೆಕ್ಕದಲ್ಲಿ ಸಾವನ್ನು ಹಂಚುತ್ತ ಹೋಗುತ್ತಾನೆ. ಒಬ್ಬನಿಗೆ ಬಾವಲಿ, ಇನ್ನೊಬ್ಬನಿಗೆ ಕಪ್ಪೆ, ಮತ್ತೊಬ್ಬನಿಗೆ ಕಾರಿನೊಳಗೇ ಆಲಿಕಲ್ಲಿನ ಚಳಿ.

ನರ್ಸಿನ ಸರದಿ ಬಂದಾಗ ನೋಡಬೇಕು. ಅವಳಿಗೆ ಮಿಡತೆಯ ಪೀಡೆ. ಫೈಬ್ಸ್ ತನ್ನ ಲ್ಯಾಬಿನಲ್ಲಿ ರಾಶಿಗಟ್ಟಲೆ ಬ್ರಸೆಲ್ಸ್ ಸ್ಪ್ರೌಟ್ಸ್, ಅಂದರೆ ಗೋಲಿ ಗಾತ್ರದ ಎಲೆಕೋಸು, ಬೇಯಿಸಿ ಹಸಿರು ಪಾಕ ಇಳಿಸುತ್ತಾನೆ. ಅವಳು ಮಲಗಿರುವ ಕೋಣೆಯ ನೆತ್ತಿಯ ಮೇಲೆ, ಮೇಲಂತಸ್ತಿನಲ್ಲಿ, ಅಳತೆ ನೋಡಿ ತೂತು ಕೊರೆಯುತ್ತಾನೆ. ಮದ್ದು ತಗೊಂಡು ಮೈಮರೆತು ಮಲಗಿದವಳ ಮುಖದ ಮೇಲೆ ಆ ಪಾಕ ನಿಧಾನಕ್ಕೆ ತೊಟ್ಟಿಕ್ಕುತ್ತದೆ. ಆಮೇಲೆ ಅದೇ ತೂತಿನಿಂದ ಮಿಡತೆಗಳನ್ನು ಬಿಡುತ್ತಾನೆ. ಮುಂದಿನದನ್ನು ಅತ್ತೆಯವರ ಮುಂದೆ ಓದಬೇಡಿ. ಕೊಲ್ಲಬೇಕು ಅಂತಿದ್ದರೆ ದಿಂಬು ಸಾಕಿತ್ತು. ಇಷ್ಟೊಂದು ಅಡುಗೆ, ಇಷ್ಟೊಂದು ಬಡಗಿ ಕೆಲಸ ಯಾಕೆ? ನಗು ಬರುವುದು ಈ ಪ್ರಶ್ನೆಯಿಂದಲೇ. ಇನ್ನೊಬ್ಬ ಡಾಕ್ಟರನಿಗೆ ಹಿತ್ತಾಳೆಯ ಒಂಟಿಕೊಂಬಿನ ಕುದುರೆತಲೆ ಹಾರಿಬಂದು ಎದೆಗೆ ನಾಟಿ, ಗೋಡೆಗೆ ಅಂಟಿಸಿಬಿಡುತ್ತದೆ. ಪೊಲೀಸರು ಬಂದು ಹೆಣವನ್ನು ಬೋಲ್ಟ್ ಬಿಚ್ಚುವ ಹಾಗೆ ತಿರುಗಿಸುತ್ತ ನಿಲ್ಲುತ್ತಾರೆ. ಮರೆ ಯಾವ ಕಡೆಗಿದೆ, ಎಡಕ್ಕೋ ಬಲಕ್ಕೋ ಅನ್ನುವುದೇ ಅವರ ಚಿಂತೆ. ಇನ್‌ಸ್ಪೆಕ್ಟರ್ ಟ್ರೌಟ್ ಇಡೀ ಸಿನಿಮಾದಲ್ಲಿ ಒಂದು ಹೆಜ್ಜೆ ಹಿಂದೆಯೇ ಇರುತ್ತಾನೆ.

ಎರಡು ವರ್ಷದ ನಂತರ, 1973ರಲ್ಲಿ, ಅದೇ ಪ್ರೈಸ್ ‘ಥಿಯೇಟರ್ ಆಫ್ ಬ್ಲಡ್’ನಲ್ಲಿ ತನ್ನ ನಟನೆಯನ್ನು ಹೀಗಳೆದ ವಿಮರ್ಶಕರನ್ನು ಷೇಕ್ಸ್‌ಪಿಯರ್ ನಾಟಕಗಳ ಸಾವುಗಳ ಮಾದರಿಯಲ್ಲಿ ಮುಗಿಸುತ್ತ ಬಂದರು. ಪತ್ರಿಕೆಯಲ್ಲಿ ಸಿನಿಮಾದ ಬಗ್ಗೆ ಬರೆಯುವ ನನ್ನಂಥವರು ಅದನ್ನು ಬಾಗಿಲು ಹಾಕಿಕೊಂಡು ನೋಡುವುದು ಒಳ್ಳೆಯದು.

ಎರಡರಲ್ಲೂ ಒಂದು ಸಂಗತಿ ಸಮಾನ. ಸೇಡಿನ ಪೂರ್ತಿ ಏರ್ಪಾಡು ಸೇಡು ತೀರಿಸಿಕೊಳ್ಳುವವನದೇ. ನಕ್ಷೆ ಅವನದು, ವೇಷ ಅವನದು, ಹಿನ್ನೆಲೆ ಸಂಗೀತವೂ ಅವನದೇ. ಫೈಬ್ಸ್ ಮನೆಯಲ್ಲಿ ಆರ್ಗನ್ ನುಡಿಸುತ್ತಾನೆ, ಸುತ್ತ ಕೀಲಿ ಕೊಟ್ಟರೆ ಆಡುವ ಬೊಂಬೆಗಳ ವಾದ್ಯಗೋಷ್ಠಿ.

ಈಗ ಆಪ್ತಮಿತ್ರಕ್ಕೆ ಬರೋಣ. 2004ರ ಆಗಸ್ಟ್ 27ರಂದು ಬಿಡುಗಡೆಯಾದ ಈ ಸಿನಿಮಾದ ನಿರ್ದೇಶಕರು ಪಿ. ವಾಸು, ನಿರ್ಮಾಪಕರು ದ್ವಾರಕೀಶ್. ಮೂಲ ಮಲಯಾಳದ ‘ಮಣಿಚಿತ್ರತ್ತಾಳ್’ (1993), ಅದನ್ನು ಬರೆದವರು ಮಧು ಮುಟ್ಟಂ, ನಿರ್ದೇಶಿಸಿದವರು ಫಾಜಿಲ್. ನಮ್ಮಲ್ಲಿ ಗೆದ್ದ ಮೇಲೆ ವಾಸು ಅದನ್ನೇ 2005ರಲ್ಲಿ ರಜನಿಕಾಂತ್ ಜೊತೆ ‘ಚಂದ್ರಮುಖಿ’ ಮಾಡಿದರು. ಅದು ಚೆನ್ನೈನ ಶಾಂತಿ ಟಾಕೀಸಿನಲ್ಲಿ 800 ದಿನ ದಾಟಿ ಓಡಿತು. ಹಿಂದಿಗೆ 2007ರಲ್ಲಿ ‘ಭೂಲ್ ಭುಲೈಯಾ’ ಆಗಿ ಹೋಯಿತು.

ಅತ್ತೆಯವರ ಮತ್ತು ಮಗನ ಜಗಳದಲ್ಲಿ ನಾನು ಇಬ್ಬರ ಪಕ್ಷವನ್ನೂ ಹಿಡಿಯುವುದಿಲ್ಲ. ಈ ಸಿನಿಮಾದಲ್ಲಿ ನಗೆ ಇರುವುದು ಬರೀ ಮಧ್ಯೆ ಮಧ್ಯೆ ಉಸಿರು ಬಿಡಲಿಕ್ಕಲ್ಲ. ಅರಮನೆಗೆ ಬಂದ ಮನೋವೈದ್ಯ ವಿಜಯ್, ಅಂದರೆ ವಿಷ್ಣುವರ್ಧನ್, ದ್ವಾರಕೀಶರನ್ನು ಗೋಳು ಹುಯ್ದುಕೊಳ್ಳುವಾಗ ನಾವು ನಗುತ್ತ ಕೂತಿರುತ್ತೇವೆ. ಮನೆಯವರ ಅನುಮಾನ ಪ್ರೇಮಾ ಮಾಡಿದ ಸೌಮ್ಯಳ ಕಡೆ ಹರಿಯುತ್ತದೆ, ನಮ್ಮದೂ ಅದರ ಹಿಂದೆಯೇ. ಅಷ್ಟರಲ್ಲಿ ಸೌಂದರ್ಯ ಮಾಡಿದ ಗಂಗಾ ನಮ್ಮೆದುರಿಗೇ ಓಡಾಡಿಕೊಂಡಿರುತ್ತಾಳೆ. ಬೀಗ ಹಾಕಿದ ಕೋಣೆ ತೆಗೆಸಿದವಳು ಅವಳು, ಹಳೆಯ ಒಡವೆ ಬಟ್ಟೆಗಳ ಮುಂದೆ ಗಂಟೆಗಟ್ಟಲೆ ನಿಂತವಳೂ ಅವಳೇ. ಇಷ್ಟೆಲ್ಲ ಬಿಚ್ಚಿಟ್ಟರೂ ನಾವು ಅವಳನ್ನು ಕಾಣುವುದಿಲ್ಲ. ಕಾಣದಂತೆ ಮಾಡುವುದು ದ್ವಾರಕೀಶರ ಕೆಲಸ. ಹೆದರಿಸುವ ಹೊಣೆಯನ್ನು ನಗಿಸುವವರ ಹೆಗಲಿಗೆ ಹೊರಿಸಿದ್ದು ಈ ಚಿತ್ರಕತೆಯ ಜಾಣತನ. 1979ರ ‘ನಾ ನಿನ್ನ ಬಿಡಲಾರೆ’ ನೋಡಿ ಬೆಳೆದವರಿಗೆ ಅನಂತನಾಗ್ ಮೈಮೇಲೆ ಬಂದ ಕಾಮಿನಿ ಗೊತ್ತಿರುತ್ತಾಳೆ. ಅಲ್ಲಿ ದೆವ್ವ ದೆವ್ವವೇ, ಅದರಿಂದ ಬಿಡುಗಡೆ ಬೇಕಾದರೆ ರಾಯರ ಮೊರೆ ಹೋಗಬೇಕು. ಆಪ್ತಮಿತ್ರದಲ್ಲಿ ಡಾಕ್ಟರೂ ಆಚಾರ್ಯರೂ ಸೇರಿ ಕೂತು ಮಸಲತ್ತು ಮಾಡುತ್ತಾರೆ.

ಆ ಮಸಲತ್ತಿನಲ್ಲಿದೆ ನಿಮ್ಮ ಪ್ರಶ್ನೆಗೆ ಉತ್ತರ. ತೆಲುಗು ಸೀಮೆಯ ನರ್ತಕಿ ನಾಗವಲ್ಲಿ. ಅವಳ ಪ್ರಿಯಕರ ರಾಮನಾಥನನ್ನು ಕೊಂದು, ಅವಳನ್ನು ಜೀವಂತ ಸುಟ್ಟವನು ರಾಜ. ದುರ್ಗಾಷ್ಟಮಿಯ ರಾತ್ರಿ ಅವನನ್ನು ಮುಗಿಸುತ್ತೇನೆ ಅಂತ ಅವಳ ಶಪಥ. ಗಂಗಾಳ ಮನಸ್ಸು ಆ ಶಪಥವನ್ನು ತನ್ನದೇ ಮಾಡಿಕೊಂಡಿದೆ. ಈಗ ಡಾಕ್ಟರ್ ಏನು ಮಾಡುತ್ತಾನೆ? ನಾಗವಲ್ಲಿ ಇಲ್ಲವೇ ಇಲ್ಲ, ಇದೆಲ್ಲ ಭ್ರಮೆ ಅಂತ ಗಂಗಾಳಿಗೆ ಉಪದೇಶ ಮಾಡುವುದಿಲ್ಲ. ತಾನೇ ರಾಜನಾಗಿ ಅವಳ ಎದುರು ನಿಲ್ಲುತ್ತಾನೆ. ಅವಳ ಕೈಗೆ ಪಂಜು ಕೊಡಿಸುತ್ತಾನೆ. ಆಚಾರ್ಯರು ಹೊಗೆ, ಬೂದಿ ಎಬ್ಬಿಸಿದ ಆ ಒಂದು ಗಳಿಗೆಯಲ್ಲಿ ಕೆಳಗಿನ ಬಾಗಿಲು ತೆರೆದು ರಾಜ ಜಾರಿಕೊಳ್ಳುತ್ತಾನೆ, ಅವನ ಜಾಗಕ್ಕೆ ಬೊಂಬೆ ಬರುತ್ತದೆ. ನಾಗವಲ್ಲಿ ಬೆಂಕಿ ಇಡುತ್ತಾಳೆ, ಕಣ್ಣ ತುಂಬ ನೋಡುತ್ತಾಳೆ, ಹೋಗುತ್ತಾಳೆ.

ಫೈಬ್ಸ್ ತಾನೇ ಕೂತು ಹೆಣೆದ ಬಲೆಯ ಕೆಲಸವನ್ನು ಇಲ್ಲಿ ಮಾಡುವವರು ಯಾರ ಮೇಲೆ ಸೇಡೋ ಆ ಕಡೆಯವರು. ಗುಪ್ತ ಬಾಗಿಲು, ಬೊಂಬೆ, ಹೊಗೆ, ಸಮಯದ ಲೆಕ್ಕ, ಇಷ್ಟನ್ನೂ ಒದಗಿಸಿದ್ದು ಆರೋಗ್ಯವಾಗಿರುವ ಜನ, ಒಬ್ಬ ಹೆಣ್ಣುಮಗಳ ಸಿಟ್ಟು ಪೂರ್ತಿ ಉರಿದು ಹೋಗಲಿ ಅಂತ.

ಬೊಂಬೆ ಸುಟ್ಟರೆ ಸೇಡು ತೀರುತ್ತದೆಯೆ ಅನ್ನುವ ಅನುಮಾನ ಬೇರೆ ಊರಿನವರಿಗೆ ಬಂದರೆ ಸರಿ, ನಿಮ್ಮ ಕಡೆಯವರಿಗೆ ಬರಬಾರದು. ಗಡಿ ದಾಟಿದರೆ ಚಿತ್ತೂರು ಸೀಮೆ. ಅಲ್ಲಿ ದ್ರೌಪದಮ್ಮನ ಗುಡಿಗಳ ಮುಂದೆ ಮಹಾಭಾರತದ ಉತ್ಸವ ಮುಗಿಯುವುದು ದುರ್ಯೋಧನನ ವಧೆಯಿಂದ. ಬಯಲಲ್ಲಿ ಮಣ್ಣಿನ ದುರ್ಯೋಧನನನ್ನು ಅಂಗಾತ ಮಲಗಿಸಿರುತ್ತಾರೆ. ಆಳೆತ್ತರ ಎಲ್ಲಿ ಬಂತು, ಹೊಲದ ಬದುವಿನ ಉದ್ದ. ಬಣ್ಣದ ಮುಖ, ಗಿರಿಜಾ ಮೀಸೆ, ದೊಡ್ಡ ಕಣ್ಣು. ಭೀಮನ ವೇಷದವನು ಗದೆ ಹಿಡಿದು ಆ ಮಣ್ಣಿನ ಮೈಸುತ್ತ ಓಡಾಡುತ್ತ ಹಂಗಿಸುತ್ತಾನೆ. ಕೊನೆಗೆ ತೊಡೆಗೆ ಹೊಡೆದಾಗ ಅಲ್ಲಿ ಹುದುಗಿಸಿಟ್ಟ ಕೆಂಪು ನೀರು ಹರಿಯುತ್ತದೆ. ದ್ರೌಪದಿ ಆ ಕೆಂಪನ್ನು ಬಿಚ್ಚಿದ ಕೂದಲಿಗೆ ಹಚ್ಚಿಕೊಂಡು ಮುಡಿ ಕಟ್ಟುತ್ತಾಳೆ. ನೋಡುವವರ ಪೈಕಿ ಅದು ಮಣ್ಣು ಅಂತ ಗೊತ್ತಿಲ್ಲದವರು ಯಾರೂ ಇಲ್ಲ. ಆದರೂ ಮುಡಿ ಕಟ್ಟಿದ ಮೇಲೆ, ಸೇಡು ಪೂರ್ತಿ ಆಗಲಿಲ್ಲ, ದುರ್ಯೋಧನ ನಿಜವಾಗಿ ಸಾಯಲಿಲ್ಲ ಅಂತ ತಕರಾರು ತೆಗೆದು ಮನೆಗೆ ಹೋದವರನ್ನು ನಾನು ಕಂಡಿಲ್ಲ.

ನಾಗವಲ್ಲಿಯದೂ ಅದೇ ನ್ಯಾಯ. ಅವಳಿಗೆ ಬೇಕಿದ್ದದ್ದು ರಾಜನ ಹೆಣ ಅಲ್ಲ, ಅವನು ಉರಿಯುವುದನ್ನು ತಾನು ನೋಡುವುದು. ಅದು ಅವಳಿಗೆ ಸಿಕ್ಕಿತು. ಹಾಗಾಗಿ ನನ್ನ ತೀರ್ಪು: ಸೇಡು ತೀರಿತು.

ಹಾಗಾದರೆ 2010ರಲ್ಲಿ ‘ಆಪ್ತರಕ್ಷಕ’ದಲ್ಲಿ ಮತ್ತೆ ಯಾಕೆ ಬಂದಳು ಅಂತ ನೀವು ಕೇಳಬಹುದು. ಅದಕ್ಕೆ ಕಾರಣ ನಾಗವಲ್ಲಿ ಅಲ್ಲ, ಮೊದಲನೆಯದರ ಗಲ್ಲಾಪೆಟ್ಟಿಗೆ. ಆ ಸಿನಿಮಾ ತೆರೆ ಕಾಣುವ ಹೊತ್ತಿಗೆ ವಿಷ್ಣುವರ್ಧನ್ ಇರಲಿಲ್ಲ. 2009ರ ಡಿಸೆಂಬರ್ 30ರಂದು ಮೈಸೂರಿನಲ್ಲಿ ತೀರಿಕೊಂಡಿದ್ದರು. ಆಪ್ತಮಿತ್ರದ ಹೊತ್ತಿಗೂ ಹಾಗೆಯೇ ಆಗಿತ್ತು. ಗಂಗಾ ಆಗಿದ್ದ ಸೌಂದರ್ಯ 2004ರ ಏಪ್ರಿಲ್ 17ರಂದು, ಚುನಾವಣಾ ಪ್ರಚಾರಕ್ಕೆ ಕರೀಂನಗರಕ್ಕೆ ಹೊರಟವರು, ಬೆಂಗಳೂರಿನ ಜಕ್ಕೂರಿನಲ್ಲಿ ವಿಮಾನ ಬಿದ್ದು ಅಣ್ಣ ಅಮರನಾಥ್ ಜೊತೆಗೆ ಹೋಗಿಬಿಟ್ಟರು. ಜನ ನಾಗವಲ್ಲಿಯನ್ನು ನೋಡಿದ್ದು ಅದಾದ ನಾಲ್ಕು ತಿಂಗಳ ಮೇಲೆ.

ಸೌಂದರ್ಯ ನಿಮ್ಮ ಜಿಲ್ಲೆಯವರೇ ಅನ್ನುವುದು ನಿಮಗೆ ಗೊತ್ತಿರಬಹುದು. ಮುಳಬಾಗಿಲು ತಾಲ್ಲೂಕಿನ ಗಂಗಿಗುಂಟೆ ಅವರ ಊರು. 1992ರಲ್ಲಿ ಕನ್ನಡದಲ್ಲಿ ಶುರು ಮಾಡಿ ತೆಲುಗಿನಲ್ಲಿ ದೊಡ್ಡ ತಾರೆಯಾದರು. ನಡುವೆ ಬಂದು ಗಿರೀಶ್ ಕಾಸರವಳ್ಳಿಯವರ ‘ದ್ವೀಪ’ವನ್ನು ತಾವೇ ನಿರ್ಮಿಸಿ, ಸ್ವರ್ಣಕಮಲ ತಂದರು. ಇದನ್ನೆಲ್ಲ ಹೇಳಿದ್ದಕ್ಕೆ ಕಾರಣ ಉಂಟು. ಮಲಯಾಳದ ಮೂಲದಲ್ಲಿ ನಾಗವಲ್ಲಿ ತಮಿಳು ಮಾತಾಡುತ್ತಾಳೆ, ಕನ್ನಡದಲ್ಲಿ ತೆಲುಗು. ಕನ್ನಡ ಆಡುತ್ತಿದ್ದ ಗಂಗಾ ಇದ್ದಕ್ಕಿದ್ದಂತೆ ತೆಲುಗಿಗೆ ಹೊರಳಿದಾಗ ಹುಬ್ಬಳ್ಳಿಯ, ಶಿವಮೊಗ್ಗದ ಪ್ರೇಕ್ಷಕ ಬೆಚ್ಚಿ ಬೀಳಬೇಕು ಅನ್ನುವುದು ಲೆಕ್ಕ. ಯಲ್ದೂರಿನಲ್ಲಿ ಈ ಲೆಕ್ಕ ನಡೆಯುವುದಿಲ್ಲ. ನಿಮ್ಮಲ್ಲಿ ಮಾವಿನಕಾಯಿ ಮಂಡಿಯಲ್ಲಿ ಕನ್ನಡದಲ್ಲಿ ಶುರುವಾದ ವ್ಯಾಪಾರ ತೆಲುಗಿನಲ್ಲಿ ಮುಗಿಯುತ್ತದೆ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಮಾತಿನ ಮಧ್ಯೆ ತೆಲುಗಿಗೆ ಹೊರಳಿದವರಿಗೆಲ್ಲ ದೆವ್ವ ಹಿಡಿದಿದೆ ಅಂದರೆ ಇಡೀ ಶ್ರೀನಿವಾಸಪುರ ತಾಲ್ಲೂಕಿಗೇ ಆಚಾರ್ಯರನ್ನು ಕರೆಸಬೇಕು. ನಿಮ್ಮ ಕಡೆಯವರು ಹೆದರಿದ್ದರೆ ಅದು ಭಾಷೆಗಲ್ಲ, ಸೌಂದರ್ಯ ಅವರ ಕಣ್ಣಿಗೆ. ಗಂಡ ಹೊರಗೆ ಹೋಗಬೇಡ ಅಂದ ಗಳಿಗೆಯಲ್ಲಿ ಅವರ ಮುಖ ಬದಲಾಗುವುದನ್ನು ಮುಂದಿನ ಸಲ ಟಿವಿಯ ಸದ್ದು ತಗ್ಗಿಸಿ ನೋಡಿ. ಆ ವರ್ಷದ ಫಿಲ್ಮ್‌ಫೇರ್ ಕನ್ನಡದ ಅತ್ಯುತ್ತಮ ನಟಿ ಪ್ರಶಸ್ತಿ ಅವರ ಮರಣಾನಂತರ ಬಂತು.

ಇನ್ನು ಕೊನೆಯದು, ಫೈಬ್ಸ್ ಪಾತ್ರಕ್ಕೆ ಯಾರು? ಹಾಸ್ಯದ ಖಳ ಅಂದಕೂಡಲೇ ಎಲ್ಲರೂ ಧೀರೇಂದ್ರ ಗೋಪಾಲ್ ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಅವರ ಗಮ್ಮತ್ತೆಲ್ಲ ಮಾತಿನ ಭರಾಟೆಯಲ್ಲಿ, ಮುಖದ ಕುಣಿತದಲ್ಲಿ. ಫೈಬ್ಸನಿಗೆ ಎರಡೂ ಇಲ್ಲ. ಅವನ ಮುಖ ಅಲುಗುವುದಿಲ್ಲ, ತುಟಿ ಆಡುವುದಿಲ್ಲ. ಕತ್ತಿಗೆ ವೈರು ಸಿಕ್ಕಿಸಿಕೊಂಡು ಯಂತ್ರದಿಂದ ದನಿ ಹೊರಡಿಸುತ್ತಾನೆ. ಅದೂ ಸಿನಿಮಾ ಎಷ್ಟೋ ದೂರ ಸಾಗಿದ ಮೇಲೆ. ಅಷ್ಟು ಹೊತ್ತು ಬರೀ ಕಣ್ಣಿನಿಂದ ತಡೆದು ನಿಲ್ಲಬೇಕು, ಆಮೇಲೆ ಬರುವ ದನಿ ಥಿಯೇಟರಿನ ಕುರ್ಚಿ ನಡುಗಿಸಬೇಕು. ಅಂಥ ಕಣ್ಣು, ಅಂಥ ದನಿ ಎರಡೂ ಒಬ್ಬರಲ್ಲೇ ಇದ್ದದ್ದು ವಜ್ರಮುನಿಯವರಲ್ಲಿ. ಹೆಂಡತಿಯ ಫೋಟೋ ಮುಂದೆ ಕೂತು ಆರ್ಗನ್ ಬದಲು ಹಾರ್ಮೋನಿಯಂ ಒತ್ತುತ್ತಿದ್ದರು, ಅಷ್ಟೇ ವ್ಯತ್ಯಾಸ. ಇನ್‌ಸ್ಪೆಕ್ಟರ್ ಟ್ರೌಟ್ ಯಾರು ಅಂತ ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ: ದ್ವಾರಕೀಶ್.