ಕಸಿ ಹೃದಯದ ತಿರಸ್ಕಾರ: ಉರಿಯೂತದಿಂದ ಆರಂಭಿಸಬಹುದಾದ ಪಾಠ

ದ್ವಿತೀಯ ಪಿಯುಸಿ ಜೀವಶಾಸ್ತ್ರದಲ್ಲಿ ಅಂಗಾಂಗ ಕಸಿಗೆ ಮೀಸಲಾಗಿರುವುದು ಕೆಲವೇ ಸಾಲು. ದೇಹವು ತನ್ನದು, ಪರಕೀಯ ಎಂಬ ಭೇದವನ್ನು ಗುರುತಿಸುತ್ತದೆ. ಆದ್ದರಿಂದ ಕಸಿಯನ್ನು ತಿರಸ್ಕರಿಸುತ್ತದೆ. ಈ ಬಾರಿಯ ಅಭ್ಯಾಸ ಬೋಧನೆಯಲ್ಲಿ ಪ್ರಶಿಕ್ಷಣಾರ್ಥಿಯೊಬ್ಬರು ಇದನ್ನು ಅಚ್ಚುಕಟ್ಟಾಗಿ ಬೋಧಿಸಿ ಮುಗಿಸುವಾಗ ಹಿಂದಿನ ಬೆಂಚಿನ ಹುಡುಗಿ ಕೇಳಿದಳು: “ಸರ್, ಬೇಗ ತಂದರೂ ತಡವಾಗಿ ತಂದರೂ ಅದು ಬೇರೆಯವರ ಹೃದಯವೇ. ಹಾಗಾದರೆ ಆಂಬುಲೆನ್ಸ್‌ಗೆ ಸಿಗ್ನಲ್ ಬಿಡಿಸೋದು ಹೃದಯ ಹಾಳಾಗಬಾರದು ಅಂತ ಮಾತ್ರವಾ?” ಅವರು “ಹೌದು” ಎಂದರು. ಉತ್ತರ ಅರ್ಧ ಸರಿ. ಉಳಿದರ್ಧ ಇಲ್ಲಿದೆ.

ವಿಷಯಾಂಶ

ದಾನಿಯ ದೇಹದಿಂದ ತೆಗೆದ ಹೃದಯವನ್ನು ತಣ್ಣಗಿಟ್ಟು, ಸಾಮಾನ್ಯವಾಗಿ ಸುಮಾರು 4 ಗಂಟೆಯೊಳಗೆ ಜೋಡಿಸಲು ಪ್ರಯತ್ನಿಸುತ್ತಾರೆ. ಆ ಅವಧಿಯಲ್ಲಿ ಅದಕ್ಕೆ ರಕ್ತವಿಲ್ಲ, ಆಮ್ಲಜನಕವಿಲ್ಲ. ಮತ್ತೆ ರಕ್ತ ಹರಿದಾಗ ಜೀವಕೋಶಗಳಿಗೆ ಇನ್ನಷ್ಟು ಪೆಟ್ಟು ಬೀಳುತ್ತದೆ. ಗಾಯಗೊಂಡ ಕೋಶಗಳಿಂದ ಸೋರಿದ ವಸ್ತುಗಳು ಅಪಾಯದ ಸೂಚನೆಗಳಾಗುತ್ತವೆ. ರಕ್ತನಾಳದ ಒಳಪದರ ಅಂಟಂಟಾಗಿ, ಬಿಳಿ ರಕ್ತಕಣಗಳು ಒಳನುಗ್ಗುತ್ತವೆ. ಇದೇ ಉರಿಯೂತ.

ಉರಿಯೂತವು ಡೆಂಡ್ರೈಟಿಕ್ ಕೋಶಗಳನ್ನು ಎಚ್ಚರಿಸುತ್ತದೆ. ಅವು ದಾನಿಯ ಪ್ರತಿಜನಕಗಳನ್ನು ದುಗ್ಧಗ್ರಂಥಿ, ಗುಲ್ಮಗಳಿಗೆ ಒಯ್ದು ಟಿ ಕೋಶಗಳಿಗೆ ತೋರಿಸುತ್ತವೆ; ಜೊತೆಗೆ ‘ಇದು ಅಪಾಯ’ ಎಂಬ ಎರಡನೆಯ ಸಂಕೇತವನ್ನೂ ಕೊಡುತ್ತವೆ. ಎರಡೂ ಸಿಕ್ಕ ಟಿ ಕೋಶಗಳು ಪ್ರಬಲವಾಗಿ ವೃದ್ಧಿಸಿ, ಉರಿಯೂತದ ಜಾಡು ಹಿಡಿದು ಹೃದಯದ ಸ್ನಾಯುವನ್ನು ತಲುಪಿ ದಾಳಿ ಮಾಡುತ್ತವೆ. ಅಂದರೆ ತಡವಾದಷ್ಟೂ ಗಾಯ ಹೆಚ್ಚು, ಪ್ರತಿರಕ್ಷಣೆಯ ಎಚ್ಚರವೂ ಹೆಚ್ಚು.

ಬೋಧನಾ ಕ್ರಮ

1. ಕಾಲಿಗೆ ಮುಳ್ಳು ಚುಚ್ಚಿದ ಅನುಭವ ಕೇಳಿ. ಕೆಂಪು, ಬಿಸಿ, ಬಾವು, ನೋವು ಎಂಬ ನಾಲ್ಕು ಲಕ್ಷಣಗಳನ್ನು ಮಕ್ಕಳಿಂದಲೇ ಹೊರಡಿಸಿ ಕಪ್ಪು ಹಲಗೆಯಲ್ಲಿ ಬರೆಯಿರಿ.

2. ಹೋಲಿಕೆ ಕೊಡಿ. ರಾತ್ರಿ ಬೀದಿಗೆ ಅಪರಿಚಿತನೊಬ್ಬ ಬಂದ. ನಾಯಿ ಬೊಗಳಿದರೆ ಬೀದಿಯೇ ಎದ್ದು ಬರುತ್ತದೆ. ಅಪರಿಚಿತ ಪ್ರತಿಜನಕ, ಬೊಗಳುವಿಕೆ ಉರಿಯೂತ, ಎದ್ದವರು ಟಿ ಕೋಶಗಳು.

3. ಹೋಲಿಕೆಯನ್ನು ಪರೀಕ್ಷಿಸಿ. 1954ರಲ್ಲಿ ಬಾಸ್ಟನ್‌ನಲ್ಲಿ ತದ್ರೂಪಿ ಅವಳಿ ಸಹೋದರರ ನಡುವೆ ಮೂತ್ರಪಿಂಡದ ಕಸಿ ನಡೆದಾಗ ಶಸ್ತ್ರಚಿಕಿತ್ಸೆಯ ಗಾಯವಿದ್ದರೂ ತಿರಸ್ಕಾರ ಕಾಣಲಿಲ್ಲ. ಏಕೆ? ನಾಯಿ ಬೊಗಳಿತು, ಬಂದವನು ಮನೆಯವನೇ ಆಗಿದ್ದ. ಉರಿಯೂತವೊಂದೇ ಸಾಲದು, ಪರಕೀಯತೆಯೂ ಬೇಕು ಎಂಬ ತೀರ್ಮಾನಕ್ಕೆ ಮಕ್ಕಳೇ ಬರಲಿ.

ಎಚ್ಚರಿಕೆ

ನಾಯಿ ಸುಮ್ಮನಿದ್ದರೂ ಅಪರಿಚಿತ ಅಪರಿಚಿತನೇ. ಉರಿಯೂತ ತಗ್ಗಿದರೆ ತಿರಸ್ಕಾರದ ತೀವ್ರತೆ ತಗ್ಗಬಹುದು, ಭಯ ಪೂರ್ತಿ ಹೋಗದು. ಆದ್ದರಿಂದಲೇ ರೋಗಿ ಜೀವನಪೂರ್ತಿ ಪ್ರತಿರಕ್ಷಾ ನಿಗ್ರಹಕ ಔಷಧಿ ಸೇವಿಸಬೇಕು.

ಇನ್ನೊಂದು ತಪ್ಪುಗ್ರಹಿಕೆ, ‘ಉರಿಯೂತ ಕೆಟ್ಟದ್ದು’ ಎಂಬುದು. 1967ರ ಡಿಸೆಂಬರ್ 3ರಂದು ಕೇಪ್‌ಟೌನ್‌ನಲ್ಲಿ ಡಾ. ಕ್ರಿಸ್ಟಿಯಾನ್ ಬರ್ನಾರ್ಡ್ ಮನುಷ್ಯನಿಂದ ಮನುಷ್ಯನಿಗೆ ಮೊದಲ ಹೃದಯ ಕಸಿ ಮಾಡಿದರು. ರೋಗಿ ಲೂಯಿ ವಾಷ್ಕಾನ್‌ಸ್ಕಿ 18 ದಿನ ಬದುಕಿ ನ್ಯುಮೋನಿಯಾದಿಂದ ತೀರಿಕೊಂಡರು. ತಿರಸ್ಕಾರ ತಡೆಯಲು ಕೊಟ್ಟ ಔಷಧಿಗಳು ಸೋಂಕನ್ನು ಎದುರಿಸುವ ಶಕ್ತಿಯನ್ನೂ ಕುಗ್ಗಿಸಿದ್ದವು. ಕಸಿಯನ್ನು ಕಾಡುವ ಪ್ರತಿಕ್ರಿಯೆಯೇ ಸೋಂಕಿನಿಂದ ನಮ್ಮನ್ನು ಕಾಯುತ್ತದೆ.

ಮೌಲ್ಯಮಾಪನ

ಅ) ಒಂದೇ ದಾನಿಯ ಹೃದಯ 2 ಗಂಟೆಯಲ್ಲಿ ತಲುಪುವುದಕ್ಕೂ 6 ಗಂಟೆಯಲ್ಲಿ ತಲುಪುವುದಕ್ಕೂ ಪ್ರತಿರಕ್ಷಣೆಯ ದೃಷ್ಟಿಯಿಂದ ವ್ಯತ್ಯಾಸವೇನು?
ಆ) ಔಷಧಿಯ ಪ್ರಮಾಣ ಹೆಚ್ಚಾದರೆ ಯಾವ ಅಪಾಯ, ಕಡಿಮೆಯಾದರೆ ಯಾವ ಅಪಾಯ?

ಮರುದಿನ ಆ ಪ್ರಶಿಕ್ಷಣಾರ್ಥಿ ತರಗತಿಗೆ ಹೋಗಿ, “ನಿನ್ನೆ ನಾನು ಅರ್ಧ ಉತ್ತರ ಹೇಳಿದ್ದೆ” ಎಂದೇ ಪಾಠ ಶುರುಮಾಡಿದರು. ಅವಲೋಕನ ಹಾಳೆಯಲ್ಲಿ ಅದಕ್ಕೆ ಅಂಕದ ಕಾಲಂ ಇರಲಿಲ್ಲ. ಷರಾ ಕಾಲಂನಲ್ಲಿ ಬರೆದುಕೊಂಡೆ.