ಬಾಗಿಲಿಗೆ ಬಂದ ಬ್ಯಾಂಕೂ ಫೋನಿನಲ್ಲಿ ಬಂದ ಕಳ್ಳನೂ

ನಮ್ಮ ಸೀಮೆಯವರಿಗೆ ಬ್ಯಾಂಕೆಂಬುದು ಹೊಸ ಸಂಗತಿಯಲ್ಲ. 1925 ರಲ್ಲಿ ಉಡುಪಿಯಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆಯು 1928 ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ಅದರ ಏಜೆಂಟನು ದಿನಂಪ್ರತಿ ಮನೆಬಾಗಿಲಿಗೆ ಬಂದು ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಕೂಡಿಸಿಕೊಂಡು ಹೋಗುತ್ತಿದ್ದನು. ಬಂದವನ ಮುಖವು ಪರಿಚಿತ. ಅವನ ಊರು ಮನೆಗಳೂ ಪರಿಚಿತ. ಹೀಗೆ ಬ್ಯಾಂಕಿನ ಹೆಸರಿನಲ್ಲಿ ಬಂದವನನ್ನು ನಂಬುವುದು ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆಯ ಮನೆಗಳಲ್ಲಿ ರೂಢಿಯಾಯಿತು. ಆದರೆ ಈಗ ಅದೇ ಹೆಸರನ್ನು ಹೇಳಿಕೊಂಡು ಫೋನಿನಲ್ಲಿ ಬರುವವನ ಮುಖವನ್ನು ನಾವು ಕಂಡವರಲ್ಲ, ಊರನ್ನು ಅರಿತವರಲ್ಲ.

ಒಂದು ದೃಷ್ಟಾಂತವನ್ನು ತಕ್ಕೊಳ್ಳೋಣ. ಬೈಂದೂರಿನ ಕಡೆಯಲ್ಲಿ ಒಬ್ಬ ವಿಧವೆ ಇದ್ದಾಳೆಂದು ಭಾವಿಸಿರಿ. ಬೆಂಗಳೂರಿನ ಹೋಟೆಲಿನಲ್ಲಿ ದುಡಿಯುವ ಮಗನು ಕಳುಹಿಸಿದ ಹಣವು ಆಕೆಯ ಖಾತೆಯಲ್ಲಿದೆ. ಒಂದು ಬೆಳಿಗ್ಗೆ ಫೋನು ಬರುತ್ತದೆ: “ಅಮ್ಮಾ, ನಾವು ಬ್ಯಾಂಕಿನಿಂದ ಮಾತಾಡುವುದು. ನಿಮ್ಮ ಕೆವೈಸಿ ಆಗಿಲ್ಲ. ಸಾಯಂಕಾಲದೊಳಗೆ ಮಾಡದಿದ್ದರೆ ಖಾತೆ ಬಂದಾಗುವುದು. ಈಗ ಒಂದು ಸಂಖ್ಯೆ ಬರುವುದು, ಓದಿ ಹೇಳಿ.” ಆಕೆಯು ಗಾಬರಿಯಿಂದ ಓದಿ ಹೇಳುತ್ತಾಳೆ, ಮಗನ ಒಂದು ವರುಷದ ಸಂಪಾದನೆಯು ಕ್ಷಣದಲ್ಲಿ ಹೋಗುತ್ತದೆ. ಕಳ್ಳನು ಬೀಗವನ್ನು ಮುರಿಯದೆ, ಬೀಗದ ಕೈಯನ್ನು ಆಕೆಯಿಂದಲೇ ಬೇಡಿ ತಕ್ಕೊಂಡನು.

ಇದರಿಂದ ನಾವು ಕಲಿಯತಕ್ಕ ಪಾಠಗಳು ಇವು.

ಮೊದಲನೆಯದು. ಒಟಿಪಿಯನ್ನೂ ಪಿನ್ ಸಂಖ್ಯೆಯನ್ನೂ ಯಾರಿಗೂ ಹೇಳಬಾರದು. ನಿಜವಾದ ಬ್ಯಾಂಕಿನವರು ಅವನ್ನು ಕೇಳುವುದಿಲ್ಲ. ಯುಪಿಐ ಪಿನ್ ಬೇಕಾಗುವುದು ಹಣ ಕೊಡುವುದಕ್ಕೆ ಮತ್ತು ಖಾತೆಯ ಉಳಿಕೆಯನ್ನು ನೋಡುವುದಕ್ಕೆ. ಆದಕಾರಣ “ನಿಮಗೆ ಹಣ ಬರಬೇಕಾದರೆ ಪಿನ್ ಒತ್ತಿರಿ” ಎಂದು ಹೇಳುವವನು ಕಳ್ಳನೇ ಸರಿ.

ಎರಡನೆಯದು. ಅವಸರಪಡಿಸುವವನನ್ನೂ ಹೆದರಿಸುವವನನ್ನೂ ನಂಬಬಾರದು. ಕೆಲವರು ಪೊಲೀಸರ ಉಡುಪನ್ನು ತೊಟ್ಟು, ವಿಡಿಯೋ ಕರೆಯಲ್ಲಿ ಕಾಣಿಸಿಕೊಂಡು, “ನಿಮಗೆ ಡಿಜಿಟಲ್ ಅರೆಸ್ಟ್ ಆಗಿದೆ, ಮನೆಯವರಿಗೂ ತಿಳಿಸಬೇಡಿರಿ” ಎನ್ನುತ್ತಾರೆ. ಅಂಥ ಬಂಧನವು ನಮ್ಮ ದೇಶದ ಕಾನೂನಿನಲ್ಲಿ ಇಲ್ಲವೆಂದು ಪ್ರಧಾನಮಂತ್ರಿಗಳು 2024ನೆಯ ಅಕ್ಟೋಬರ್ 27 ರಂದು ರೇಡಿಯೋದಲ್ಲಿ ಹೇಳಿದರು.

ಮೂರನೆಯದು. ಸಂಶಯ ಬಂದರೆ ಫೋನನ್ನು ಇಟ್ಟು, ಪಾಸ್ ಬುಕ್ ಹಿಡಿದು ಶಾಖೆಗೆ ಹೋಗಬೇಕು. 2020ನೆಯ ಏಪ್ರಿಲ್ 1 ರಂದು ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿಯೂ ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿಯೂ ಸೇರಿದವು. ಹಳೆಯ ಹೆಸರಿನ ಪಾಸ್ ಬುಕ್ ಇನ್ನೂ ಪೆಟ್ಟಿಗೆಯಲ್ಲಿದ್ದರೆ, ಅದನ್ನು ಬದಲಿಸುವ ಸ್ಥಳವು ಶಾಖೆಯೇ ಹೊರತು ಫೋನಲ್ಲ.

ನಾಲ್ಕನೆಯದು. ಸ್ವಲ್ಪ ಕಮಿಷನಿನ ಆಶೆಗೆ ನಮ್ಮ ಖಾತೆಯನ್ನಾಗಲಿ ಎಟಿಎಂ ಕಾರ್ಡನ್ನಾಗಲಿ ಅನ್ಯರಿಗೆ ಬಿಟ್ಟುಕೊಡಬಾರದು. ಕದ್ದ ಹಣವು ಇಂಥ ಖಾತೆಗಳ ಮೂಲಕವೇ ಸಾಗುತ್ತದೆ. ಪೊಲೀಸರು ಮೊದಲು ಹುಡುಕಿ ಬರುವುದು ಖಾತೆ ಯಾರ ಹೆಸರಿನಲ್ಲಿದೆಯೋ ಅವರ ಮನೆಗೆ. ಕೆಲಸ ಹುಡುಕುವ ನಮ್ಮ ಯೌವನಸ್ಥರಿಗೆ ಇದನ್ನು ಮುಖ್ಯವಾಗಿ ತಿಳಿಸಬೇಕು.

ಇಷ್ಟು ಎಚ್ಚರಿಕೆಯಿದ್ದರೂ ಮೋಸವಾದರೆ ಏನು ಮಾಡತಕ್ಕದ್ದು? ಕೂಡಲೇ 1930 ಎಂಬ ಸಂಖ್ಯೆಗೆ ಫೋನು ಮಾಡಬೇಕು. ಬ್ಯಾಂಕಿನ ಶಾಖೆಗೂ ಪೊಲೀಸ್ ಠಾಣೆಗೂ ತಿಳಿಸಬೇಕು. ಹಣವು ಹೋಗಿ ಸೇರಿದ ಖಾತೆಯಲ್ಲಿ ಇನ್ನೂ ಉಳಿದಿದ್ದರೆ ಅದನ್ನು ಅಲ್ಲಿಯೇ ತಡೆಹಿಡಿಯುವ ಏರ್ಪಾಡು 2021 ರಿಂದ ಉಂಟು. ಆದರೆ ಕಳ್ಳನು ಅದನ್ನು ಖಾತೆಯಿಂದ ಖಾತೆಗೆ ದಾಟಿಸುತ್ತಾ ಇರುವುದರಿಂದ, ಒಂದೊಂದು ಗಳಿಗೆ ಕಳೆದ ಹಾಗೆಲ್ಲಾ ಹಣ ಸಿಕ್ಕುವ ಆಶೆಯು ಕಡಿಮೆಯಾಗುತ್ತದೆ.

ನಮ್ಮ ದೃಷ್ಟಾಂತದ ತಾಯಿಯು ಏನು ಮಾಡಿಯಾಳು? ಮಗನಿಗೆ ಹೇಗೆ ಹೇಳಲಿ, ನೆರೆಯವರು ನಕ್ಕಾರೆಂದು ಮೂರು ದಿನ ಅಳುತ್ತಾ ಸುಮ್ಮನಿದ್ದಾಳು. ಕಳ್ಳನಿಗೆ ಬೇಕಾದದ್ದು ಆ ಮೂರು ದಿನಗಳೇ. ಆದಕಾರಣ ಮೋಸಹೋದವರನ್ನು ಗದರಿಸಬೇಡಿರಿ, ಹಾಸ್ಯಮಾಡಬೇಡಿರಿ. ನಾಚಿಕೆಯು ಕದ್ದವನದು, ಕಳಕೊಂಡವರದ್ದಲ್ಲ. ಈ ಹೊತ್ತೇ ಮನೆಯವರೆಲ್ಲರು ಕೂಡಿರುವಾಗ ಇದನ್ನು ಓದಿ ಹೇಳಿ, 1930 ಎಂಬ ಸಂಖ್ಯೆಯನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿಡಿರಿ. “ಅಮ್ಮಾ, ಏನಾದರೂ ಆದರೆ ಮೊದಲು ನನಗೆ ಹೇಳು, ನಾನು ಬೈಯುವುದಿಲ್ಲ” ಎಂದು ದೂರದಲ್ಲಿರುವ ಮಕ್ಕಳು ತಮ್ಮ ತಾಯಿತಂದೆಗಳಿಗೆ ಈಗಲೇ ಮಾತು ಕೊಡಲಿ.