ಸ್ಫ್ಯಾಗ್ನಮ್ ಗುರುತಿಸಿ, ದಾಖಲಿಸಿ: 7 ಸೂತ್ರಗಳು

ಬ್ರಿಟನ್ನಿನ ಜೌಗು ನೆಲದಲ್ಲಿ 30ಕ್ಕೂ ಹೆಚ್ಚು ಜಾತಿಯ ಸ್ಫ್ಯಾಗ್ನಮ್ ಹಾವಸೆಗಳಿವೆ. ಅಲ್ಲಿ ಇಕಾಲಜಿ ಓದುತ್ತಿದ್ದೀರಾ? ಸರ್ವೆ ಕೆಲಸಕ್ಕೆ ಸೇರಿದ್ದೀರಾ? "ಎಲ್ಲವೂ ಒಂದೇ ಥರ ಕಾಣುತ್ತವೆ" ಎನ್ನುವುದು ಬರೀ ಅಭ್ಯಾಸದ ಕೊರತೆ. ಇಂದೇ ಸರಿಪಡಿಸಿಕೊಳ್ಳಿ.

1. ಬಣ್ಣ ನಂಬಬೇಡಿ. ಬಿಸಿಲಲ್ಲಿ ಕೆಂಪೇರುವ ಕ್ಯಾಪಿಲಿಫೋಲಿಯಂ ಜಾತಿ ನೆರಳಲ್ಲಿ ಹಸಿರಾಗಿಯೇ ಇರಬಹುದು. ಆಕಾರ ನೋಡಿ: ಅದರ ತಲೆ ಚೆಂಡುಹೂವಿನಂತೆ ದುಂಡಗಿರುತ್ತದೆ.

2. ಜಾಗ ಗಮನಿಸಿ. ನೀರಗುಂಡಿಯಲ್ಲಿ ತೇಲುವ ಕಸ್ಪಿಡೇಟಮ್ಮನ್ನು ಮೇಲೆತ್ತಿದರೆ ನೆನೆದ ಬೆಕ್ಕಿನ ಮರಿಯಂತೆ ಜೋಲುತ್ತದೆ. ಕ್ಯಾಪಿಲಿಫೋಲಿಯಂ ದಿಬ್ಬ ಕಟ್ಟುತ್ತದೆ. ಎಷ್ಟು ನೀರು ಎನ್ನುವುದೇ ಮೊದಲ ಸುಳಿವು.

3. 10 ಪಟ್ಟು ಹಿಗ್ಗಿಸುವ ಲೆನ್ಸ್ ಸದಾ ಜೇಬಿನಲ್ಲಿರಲಿ. ಕೊಂಬೆಯ ಎಲೆ ನೋಡಿ. ಪಲುಸ್ಟ್ರೆ ಎಲೆಯ ತುದಿ ದೊನ್ನೆಯಂತೆ ಒಳಬಾಗಿರುತ್ತದೆ. ಸ್ಕ್ವಾರೋಸಮ್ ಎಲೆ ನಡುವಿನಿಂದ ಹಿಂದಕ್ಕೆ ಮಡಚಿ ಮುಳ್ಳಿನಂತೆ ನಿಲ್ಲುತ್ತದೆ.

4. ಕೊಂಬೆಗಳನ್ನು ಬಿಡಿಸಿ ತೆಗೆಯಿರಿ. ಕಾಂಡಕ್ಕೆ ಅಂಟಿದ ಎಲೆಯ ರೂಪವೇ ಬೇರೆ. ಫಿಂಬ್ರಿಯೇಟಮ್‌ನಲ್ಲಿ ಅದು ಬೀಸಣಿಗೆಯಂತೆ ಅಗಲವಾಗಿ, ಅಂಚು ಕುಚ್ಚುಕುಚ್ಚಾಗಿರುತ್ತದೆ. ಹಲವರು ಸೋಲುವುದು ಈ ಎಲೆ ನೋಡದೆ.

5. ಅನುಮಾನವೇ? ಮೈಕ್ರೋಸ್ಕೋಪ್ ಹತ್ತಿರ ಕೂರಿ. ಪಲುಸ್ಟ್ರೆ ಮತ್ತು ಪ್ಯಾಪಿಲೋಸಮ್ ಅಣ್ಣತಮ್ಮಂದಿರಂತಿವೆ. ಪ್ಯಾಪಿಲೋಸಮ್‌ನ ಎಲೆಕೋಶದ ಒಳಗೋಡೆಯಲ್ಲಿ ಸಾಮಾನ್ಯವಾಗಿ ಸಣ್ಣ ಗುಬುಟುಗಳಿರುತ್ತವೆ, ಪಲುಸ್ಟ್ರೆಯಲ್ಲಿ ಇರುವುದಿಲ್ಲ. ಊಹೆ ಬೇಡ, ನೋಡಿ ಹೇಳಿ.

6. ಅನುಮತಿ ಪಡೆದು ನಾಲ್ಕೈದು ಕಾಂಡ ಮಾತ್ರ ತನ್ನಿ. ಮೆಲ್ಲಗೆ ಹಿಂಡಿ, ಕಾಗದದ ಪೊಟ್ಟಣದಲ್ಲಿ ಒಣಗಿಸಿ. ಪ್ಲಾಸ್ಟಿಕ್‌ನಲ್ಲೇ ಬಿಟ್ಟರೆ ಬೂಷ್ಟು ಹಿಡಿಯುತ್ತದೆ. ಒಣಗಿದ ಸ್ಯಾಂಪಲ್ ವರ್ಷಗಳ ನಂತರವೂ ನೀರು ತಾಕಿದರೆ ಅರಳುತ್ತದೆ.

7. ಏನು, ಎಲ್ಲಿ, ಯಾವಾಗ, ಯಾರು: ನಾಲ್ಕನ್ನೂ ಸ್ಥಳದಲ್ಲೇ ಬರೆಯಿರಿ. ಗ್ರಿಡ್ ರೆಫರೆನ್ಸ್ ಸೇರಿಸಿ. ನೆನಪಿನ ಮೇಲೆ ಭಾರ ಹಾಕಬೇಡಿ. ಆಮೇಲೆ ಬ್ರಿಟಿಷ್ ಬ್ರಯಲಾಜಿಕಲ್ ಸೊಸೈಟಿಯ ಆ ಪ್ರದೇಶದ ರೆಕಾರ್ಡರ್‌ಗೆ ಕಳಿಸಿ. ತಪ್ಪಾದೀತೆಂದು ಹಿಂಜರಿಯಬೇಡಿ, ಪರಿಶೀಲಿಸುವುದೇ ಅವರ ಕೆಲಸ.

ದಾಖಲೆ ಕಳಿಸಿದ ಮೇಲೂ ಪೊಟ್ಟಣ ಎಸೆಯಬೇಡಿ. 2018ರಲ್ಲಿ ಉತ್ತರಾರ್ಧಗೋಳದ ಮೆಜೆಲಾನಿಕಮ್ ಜಾತಿಯನ್ನು ವಿಜ್ಞಾನಿಗಳು ಮೀಡಿಯಂ, ಡಿವೈನಮ್ ಎಂದು ಎರಡಾಗಿ ವಿಂಗಡಿಸಿದರು. ಪೊಟ್ಟಣ ಇಟ್ಟಿದ್ದವರು ಅದನ್ನು ಬಿಚ್ಚಿ ಮತ್ತೆ ಪರೀಕ್ಷಿಸಬಹುದು. ಬರೀ ಹೆಸರು ಬರೆದಿಟ್ಟವರಿಗೆ ಆ ದಾರಿಯಿಲ್ಲ. ನಿಮ್ಮ ಮೊದಲ ಪೊಟ್ಟಣ ಈ ವಾರವೇ ಸಿದ್ಧವಾಗಲಿ.